ವಿದೇಶಿ ಬಂಡವಾಳ ನೀತಿ ಮತ್ತು ಬಹುರಾಷ್ಟ್ರೀಯ ಕಂಪನಿಗಳ ಕಾರ್ಯಸಾಧನೆ: ಬೆಂಗಳೂರಿನ ನಿದರ್ಶನಗಳು ಹಾಗೂ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಮೊದಲಾದ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕುಟುಂಬದ ಒಡೆತನದಲ್ಲಿರುವ ಸಣ್ಣ ಕೈಗಾರಿಕೆಗಳು, ಅಂಗಡಿಗಳು ಹಾಗೂ ಪಾಲುದಾರಿಕೆ ಸಂಸ್ಥೆಗಳು ಗಣನೀಯ ಸಂಖ್ಯೆಯಲ್ಲಿವೆ. ಇಂತಹ ಉದ್ದಿಮೆದಾರರಿಗೆ ವಿದೇಶಿ ಬಂಡವಾಳದ ಪ್ರಶ್ನೆಯು ಮೂರು ಬಗೆಯಲ್ಲಿ ಎದುರಾಗುತ್ತದೆ. ವಿದೇಶದಲ್ಲಿ ನೆಲೆಸಿರುವ ಮಕ್ಕಳು ಅಥವಾ ಬಂಧುಗಳು ಮನೆತನದ ಉದ್ದಿಮೆಯಲ್ಲಿ ಹಣ ತೊಡಗಿಸಲು ಮುಂದೆ ಬರುವುದು ಮೊದಲನೆಯದು. ವಿದೇಶಿ ಕಂಪನಿಯೊಂದು ಪಾಲುದಾರಿಕೆಯನ್ನು ಅಥವಾ ಉದ್ದಿಮೆಯ ಖರೀದಿಯನ್ನು ಪ್ರಸ್ತಾಪಿಸುವುದು ಎರಡನೆಯದು. ಬಹುರಾಷ್ಟ್ರೀಯ ಕಂಪನಿಗೆ ಸರಕು ಪೂರೈಸುವುದು ಅಥವಾ ಕಟ್ಟಡವನ್ನು ಬಾಡಿಗೆಗೆ ನೀಡುವುದು ಮೂರನೆಯದು.

ಈ ಮೂರೂ ಸಂದರ್ಭಗಳಲ್ಲಿ ಅರ್ಜಿದಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಈ ಕ್ಷೇತ್ರದಲ್ಲಿ ವಿದೇಶಿ ಬಂಡವಾಳಕ್ಕೆ ಅವಕಾಶವಿದೆಯೇ?" ಎಂಬುದು. ಈ ಪ್ರಶ್ನೆ ಅವಶ್ಯಕವಾದರೂ ಸಾಲದು. ಅವಕಾಶದೊಂದಿಗೆ ಯಾವ ಷರತ್ತುಗಳು ಬರುತ್ತವೆ, ಅವು ಎಷ್ಟು ಕಾಲ ಸ್ಥಿರವಾಗಿರುತ್ತವೆ, ಹಾಗೂ ರಸ್ತೆ, ವಿದ್ಯುತ್, ಸಂಪರ್ಕ ಮೊದಲಾದ ಸೌಲಭ್ಯಗಳನ್ನು ಯಾರು ಒದಗಿಸುತ್ತಾರೆ ಎಂಬುದರ ಮೇಲೆ ಕಂಪನಿಯ ಲಾಭ ನಷ್ಟಗಳು ಬಹುಮಟ್ಟಿಗೆ ನಿರ್ಧಾರವಾಗುತ್ತವೆ. ಬೆಂಗಳೂರಿನ ಒಂದು ಶತಮಾನಕ್ಕೂ ಮೀರಿದ ಅನುಭವವು ಇದನ್ನೇ ತೋರಿಸುತ್ತದೆ. ಆ ಅನುಭವದ ಕೆಲವು ನಿದರ್ಶನಗಳನ್ನು ಹಾಗೂ ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

2. ಕೆಲವು ಪದಗಳ ಅರ್ಥ

ವಿದೇಶಿ ನೇರ ಬಂಡವಾಳ: ಭಾರತದ ಹೊರಗೆ ವಾಸವಾಗಿರುವ ವ್ಯಕ್ತಿ ಅಥವಾ ಸಂಸ್ಥೆಯು ಷೇರುಪೇಟೆಯಲ್ಲಿ ನೋಂದಣಿಯಾಗದ ಭಾರತೀಯ ಕಂಪನಿಯ ಷೇರುಗಳಲ್ಲಿ ತೊಡಗಿಸುವ ಹಣ. ನೋಂದಣಿಯಾದ ಕಂಪನಿಯಾದಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚಿನ ಪಾಲು.

ಸ್ವಯಂಚಾಲಿತ ಮಾರ್ಗ: ಸರ್ಕಾರದ ಪೂರ್ವಾನುಮತಿ ಬೇಕಿಲ್ಲದ ಮಾರ್ಗ. ಪೂರ್ವಾನುಮತಿ ಬೇಡವೆಂದರೆ ವರದಿ ಸಲ್ಲಿಸುವುದೂ ಬೇಡವೆಂದು ಅರ್ಥವಲ್ಲ. ನಿಗದಿತ ಅವಧಿಯೊಳಗೆ ಭಾರತೀಯ ರಿಸರ್ವ್ ಬ್ಯಾಂಕಿಗೆ ವರದಿ ಸಲ್ಲಿಸುವುದು ಕಡ್ಡಾಯ.

ಸರ್ಕಾರಿ ಅನುಮೋದನೆ ಮಾರ್ಗ: ಕೇಂದ್ರ ಸರ್ಕಾರದ ಸಂಬಂಧಪಟ್ಟ ಸಚಿವಾಲಯದ ಪೂರ್ವಾನುಮತಿ ಬೇಕಾದ ಮಾರ್ಗ. ಹಿಂದೆ ಇದ್ದ ವಿದೇಶಿ ಬಂಡವಾಳ ಉತ್ತೇಜನ ಮಂಡಳಿಯನ್ನು 2017ರಲ್ಲಿ ರದ್ದುಪಡಿಸಲಾಗಿದ್ದು, ಅಂದಿನಿಂದ ಆಯಾ ಸಚಿವಾಲಯಗಳೇ ಅರ್ಜಿಗಳನ್ನು ಪರಿಶೀಲಿಸುತ್ತವೆ.

ಪ್ರೆಸ್ ನೋಟ್: ವಿದೇಶಿ ಬಂಡವಾಳ ನೀತಿಯ ಬದಲಾವಣೆಯನ್ನು ಕೇಂದ್ರ ಸರ್ಕಾರವು ಪ್ರಕಟಿಸುವ ದಾಖಲೆ. ಇದರ ಸಂಖ್ಯೆ ಮತ್ತು ವರ್ಷವನ್ನು ಗಮನಿಸುವುದು ಅವಶ್ಯಕ.

ವಿದೇಶಿ ಬಂಡವಾಳ ನೀತಿಯನ್ನು ರೂಪಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸೇರಿದೆ. ಜಮೀನು, ವಿದ್ಯುತ್, ನೀರು, ಸ್ಥಳೀಯ ಪರವಾನಗಿ ಹಾಗೂ ರಾಜ್ಯದ ರಿಯಾಯಿತಿಗಳು ರಾಜ್ಯ ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿವೆ. ಒಂದೇ ಉದ್ದಿಮೆಗೆ ಎರಡೂ ಕಡೆಯ ನಿಯಮಗಳು ಅನ್ವಯಿಸುತ್ತವೆ.

3. ಮೈಸೂರು ಸಂಸ್ಥಾನದ ಕಾಲ: ಸೌಲಭ್ಯ ಒದಗಿಸಿದ ಸರ್ಕಾರ

ಕೋಲಾರದ ಚಿನ್ನದ ಗಣಿಗಳಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು 1880ರಿಂದ ಕಾರ್ಯನಿರ್ವಹಿಸಿತು. ಗಣಿಗಳ ಗುತ್ತಿಗೆಯನ್ನು ಮೈಸೂರು ಸಂಸ್ಥಾನವು ನೀಡಿ, ತೆಗೆದ ಚಿನ್ನದ ಮೇಲೆ ರಾಜಧನವನ್ನು ಪಡೆಯುತ್ತಿತ್ತು. ಗಣಿಯು ಆಳಕ್ಕೆ ಇಳಿದಂತೆ ನೀರೆತ್ತುವ ಹಾಗೂ ಅದಿರು ಮೇಲೆತ್ತುವ ಯಂತ್ರಗಳ ಇಂಧನ ವೆಚ್ಚ ಏರತೊಡಗಿತು. ಸಂಸ್ಥಾನದ ಸರ್ಕಾರವು ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರವನ್ನು ನಿರ್ಮಿಸಿ, 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಗಣಿಗಳಿಗೆ ವಿದ್ಯುತ್ ಪೂರೈಸಿತು.

ಇದರಿಂದ ಗಣಿ ಕಂಪನಿಗಳಿಗೆ ಇಂಧನ ದೊರೆಯಿತು; ಸಂಸ್ಥಾನಕ್ಕೆ ವಿದ್ಯುತ್ ಶುಲ್ಕ ಮತ್ತು ರಾಜಧನ ಎರಡೂ ಬಂದವು. ಅದೇ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರು ನಗರಕ್ಕೆ ಬೀದಿ ದೀಪಗಳು ಬಂದವು. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಗೆ ಹೊಂದಿಕೊಂಡಿರುವ ಸಿಟಿ ಮಾರುಕಟ್ಟೆಯ ಪ್ರದೇಶವು ಈ ಬೆಳಕನ್ನು ಮೊದಲು ಕಂಡ ಸ್ಥಳಗಳಲ್ಲಿ ಒಂದು. ವಿದೇಶಿ ಕಂಪನಿಗಾಗಿ ಸರ್ಕಾರ ಮಾಡಿದ ವೆಚ್ಚವು ನಾಗರಿಕರಿಗೂ ಉಪಯುಕ್ತವಾದ ಆರಂಭಿಕ ನಿದರ್ಶನ ಇದಾಗಿದೆ. ಗಣಿಗಳನ್ನು 1956ರಲ್ಲಿ ರಾಷ್ಟ್ರೀಕರಣಗೊಳಿಸಲಾಯಿತು ಮತ್ತು 2001ರಲ್ಲಿ ಮುಚ್ಚಲಾಯಿತು. ಶಿವನಸಮುದ್ರದ ವಿದ್ಯುತ್ ಕೇಂದ್ರವು ಗಣಿಗಳಿಗಿಂತ ಹೆಚ್ಚು ಕಾಲ ಬಾಳಿತು.

4. ಒಡೆತನದ ಮಿತಿ: ಐಬಿಎಂ ನಿರ್ಗಮನ ಮತ್ತು ಮರಳುವಿಕೆ

ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ, 1973, ಅಂದರೆ ಫೆರಾ, 1974ರ ಜನವರಿ 1ರಿಂದ ಜಾರಿಗೆ ಬಂದಿತು. ಇದರ ಪ್ರಕಾರ ಶೇ. 40ಕ್ಕಿಂತ ಹೆಚ್ಚು ವಿದೇಶಿ ಪಾಲು ಹೊಂದಿದ ಕಂಪನಿಗಳು ವ್ಯವಹಾರ ಮುಂದುವರಿಸಲು ರಿಸರ್ವ್ ಬ್ಯಾಂಕಿನ ಅನುಮತಿ ಪಡೆಯಬೇಕಾಗಿತ್ತು. ಉನ್ನತ ತಂತ್ರಜ್ಞಾನ, ಮೂಲ ಕೈಗಾರಿಕೆ ಅಥವಾ ರಫ್ತಿನಲ್ಲಿ ತೊಡಗಿದ ಕಂಪನಿಗಳಿಗೆ ಹೆಚ್ಚಿನ ಪಾಲಿನ ಅವಕಾಶವಿತ್ತು. ಉಳಿದವು ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಬೇಕಾಗಿತ್ತು.

ಅನೇಕ ಕಂಪನಿಗಳು ಭಾರತೀಯ ಹೂಡಿಕೆದಾರರಿಗೆ ಷೇರು ಮಾರಿ ಇಲ್ಲಿಯೇ ಉಳಿದವು. ಕೋಕಾ ಕೋಲಾ 1977ರಲ್ಲಿ ಹಾಗೂ ಐಬಿಎಂ 1978ರಲ್ಲಿ ದೇಶವನ್ನು ಬಿಟ್ಟವು. ಐಬಿಎಂ ಯಂತ್ರಗಳ ನಿರ್ವಹಣೆಯನ್ನು ಕೇಂದ್ರ ಸರ್ಕಾರದ ಸಿಎಂಸಿ ಸಂಸ್ಥೆ ವಹಿಸಿಕೊಂಡಿತು. ತೆರವಾದ ಮಾರುಕಟ್ಟೆಯಲ್ಲಿ ದೇಶೀಯ ಕಂಪನಿಗಳು ಬೆಳೆದವು. ಬೆಂಗಳೂರಿನ ವಿಪ್ರೊ 1980ರ ದಶಕದಲ್ಲಿ ಕಂಪ್ಯೂಟರ್ ತಯಾರಿಕೆಗೆ ಇಳಿದುದು ಈ ಹಿನ್ನೆಲೆಯಲ್ಲಿ.

1991ರ ಜುಲೈ 24ರ ಕೈಗಾರಿಕಾ ನೀತಿಯು ಆದ್ಯತೆಯ ಕೈಗಾರಿಕೆಗಳಲ್ಲಿ ಶೇ. 51ರವರೆಗಿನ ವಿದೇಶಿ ಪಾಲಿಗೆ ಸ್ವಯಂಚಾಲಿತ ಮಾರ್ಗವನ್ನು ತೆರೆಯಿತು. 1992ರಲ್ಲಿ ಐಬಿಎಂ ಟಾಟಾ ಸಮೂಹದೊಂದಿಗೆ ಜಂಟಿ ಉದ್ಯಮವನ್ನು ಆರಂಭಿಸಿ ಬೆಂಗಳೂರಿಗೆ ಬಂದಿತು. 1999ರಲ್ಲಿ ಟಾಟಾ ಸಮೂಹವು ತನ್ನ ಪಾಲನ್ನು ಐಬಿಎಂಗೆ ಬಿಟ್ಟುಕೊಟ್ಟಿತು. ಫೆರಾ ಕಾಯ್ದೆಯ ಸ್ಥಾನದಲ್ಲಿ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, 1999, ಅಂದರೆ ಫೆಮಾ, 2000ದ ಜೂನ್ 1ರಿಂದ ಜಾರಿಗೆ ಬಂದಿತು.

ಒಡೆತನದ ಮಿತಿಯು ಕಂಪನಿಯ ಲೆಕ್ಕದಲ್ಲಿ ಎರಡು ಕಡೆ ಪರಿಣಾಮ ಬೀರುತ್ತದೆ. ಲಾಭಾಂಶದಲ್ಲಿ ಮೂಲ ಕಂಪನಿಗೆ ದೊರೆಯುವ ಪಾಲು ಕಡಿಮೆಯಾಗುತ್ತದೆ. ತನ್ನ ಹತೋಟಿಯಲ್ಲಿಲ್ಲದ ಕಂಪನಿಗೆ ಹೊಸ ತಂತ್ರಜ್ಞಾನವನ್ನು ನೀಡಲು ಮೂಲ ಕಂಪನಿಯು ಹಿಂಜರಿಯುತ್ತದೆ. ಮತ್ತೊಂದು ಕಡೆ, ಷೇರು ಕೊಂಡ ಸ್ಥಳೀಯ ಹೂಡಿಕೆದಾರರಿಗೆ ಮತ್ತು ಸ್ಪರ್ಧೆಗಿಳಿದ ದೇಶೀಯ ಉದ್ದಿಮೆಗೆ ಇದು ಲಾಭದಾಯಕವಾಗಬಹುದು. ಒಂದೇ ನಿಯಮದಿಂದ ಒಬ್ಬರಿಗೆ ನಷ್ಟ, ಇನ್ನೊಬ್ಬರಿಗೆ ಅವಕಾಶ ಒದಗುವುದನ್ನು ಇಲ್ಲಿ ಕಾಣಬಹುದು.

5. ರಫ್ತಿನ ಷರತ್ತು ಮತ್ತು ಸಂಪರ್ಕ ಸೌಲಭ್ಯ: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್

ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ಸ್ಥಾಪಿಸಿತು. ಫೆರಾ ಜಾರಿಯಲ್ಲಿದ್ದ ಕಾಲದಲ್ಲಿಯೇ ಇದು ಸಾಧ್ಯವಾದುದಕ್ಕೆ ಕಾರಣ, ಕೇಂದ್ರವು ತನ್ನ ಕೆಲಸವನ್ನು ರಫ್ತು ಮಾಡುತ್ತಿದ್ದುದು. 1984ರ ಕಂಪ್ಯೂಟರ್ ನೀತಿಯು ಆಮದು ನಿಯಮಗಳನ್ನು ಸಡಿಲಿಸಿದ್ದುದೂ ಸಹಾಯಕವಾಯಿತು. ಆದರೆ ವಿನ್ಯಾಸಗಳನ್ನು ಅಮೆರಿಕಕ್ಕೆ ಕಳುಹಿಸಲು ಉಪಗ್ರಹ ಸಂಪರ್ಕ ಬೇಕಾಗಿತ್ತು. ಆ ಸಂಪರ್ಕವು ಸರ್ಕಾರದ ಅನುಮತಿಯಿಂದ, ಸರ್ಕಾರಿ ಸಂಸ್ಥೆಯ ಮೂಲಕ ಮಾತ್ರ ದೊರೆಯುತ್ತಿತ್ತು.

ಇಂತಹ ಸಂಪರ್ಕವನ್ನು ಪ್ರತಿಯೊಂದು ಕಂಪನಿಯೂ ಪ್ರತ್ಯೇಕವಾಗಿ ಪಡೆಯುವುದು ದುಬಾರಿಯಾಗಿತ್ತು. 1991ರಲ್ಲಿ ಸ್ಥಾಪನೆಯಾದ ಭಾರತೀಯ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕ್ ಸಂಸ್ಥೆಯು ಅದನ್ನು ಹಂಚಿಕೆಯ ಸೌಲಭ್ಯವಾಗಿ ಸಣ್ಣ ಕಂಪನಿಗಳಿಗೂ ಒದಗಿಸಿತು. ಈ ಯೋಜನೆಯಡಿ ನೋಂದಾಯಿತ ಘಟಕಗಳ ರಫ್ತು ಲಾಭಕ್ಕೆ ದೊರೆಯುತ್ತಿದ್ದ ಆದಾಯ ತೆರಿಗೆ ವಿನಾಯಿತಿಯು 2011ರ ಮಾರ್ಚ್ 31ಕ್ಕೆ ಕೊನೆಗೊಂಡಿತು.

ತೆರಿಗೆ ವಿನಾಯಿತಿಗೆ ಕೊನೆಯ ದಿನಾಂಕವಿರುತ್ತದೆ. ವಿನಾಯಿತಿ ಮುಗಿದ ನಂತರವೂ ಉದ್ದಿಮೆಯು ಲಾಭದಲ್ಲಿ ನಡೆಯುವುದೇ ಎಂಬ ಲೆಕ್ಕವನ್ನು ಆರಂಭದಲ್ಲಿಯೇ ಹಾಕುವುದು ಒಳಿತು. ಬೆಂಗಳೂರಿನಲ್ಲಿ ವಿನಾಯಿತಿಯ ನಂತರವೂ ಕಂಪನಿಗಳು ಉಳಿದು ಬೆಳೆದುದಕ್ಕೆ ಇಲ್ಲಿ ಸಿದ್ಧವಾಗಿದ್ದ ಇಂಜಿನಿಯರುಗಳು ಮತ್ತು ಶಿಕ್ಷಣ ಸಂಸ್ಥೆಗಳು ಮುಖ್ಯ ಕಾರಣ. ಮಲ್ಲೇಶ್ವರದ ನೆರೆಯಲ್ಲಿರುವ, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯು ಇವುಗಳಲ್ಲಿ ಪ್ರಮುಖವಾದುದು.

6. ಸ್ಥಳೀಯ ಬಿಡಿಭಾಗಗಳ ಷರತ್ತು: ಬಿಡದಿಯ ಮೋಟಾರು ಕಾರು ಕಾರ್ಖಾನೆ

ಟೊಯೋಟ ಕಿರ್ಲೋಸ್ಕರ್ ಮೋಟಾರ್ ಕಂಪನಿಯು 1997ರಲ್ಲಿ ಸ್ಥಾಪನೆಯಾಗಿ, 1999ರ ಡಿಸೆಂಬರ್‌ನಲ್ಲಿ ಬಿಡದಿಯಲ್ಲಿ ಉತ್ಪಾದನೆ ಆರಂಭಿಸಿತು. 1997ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಸಾರ್ವಜನಿಕ ಪ್ರಕಟಣೆ ಸಂಖ್ಯೆ 60ರ ಪ್ರಕಾರ, ಬಿಡಿಭಾಗಗಳ ಕಿಟ್‌ಗಳನ್ನು ಆಮದು ಮಾಡಿ ಕಾರು ಜೋಡಿಸುವ ಕಂಪನಿಗಳು ಮೂರನೆಯ ವರ್ಷದೊಳಗೆ ಶೇ. 50 ಹಾಗೂ ಐದನೆಯ ವರ್ಷದೊಳಗೆ ಶೇ. 70ರಷ್ಟು ದೇಶೀಯ ಭಾಗಗಳನ್ನು ಬಳಸಬೇಕಾಗಿತ್ತು. ಆಮದಿಗೆ ವ್ಯಯಿಸಿದ ವಿದೇಶಿ ವಿನಿಮಯವನ್ನು ರಫ್ತಿನಿಂದ ಸರಿದೂಗಿಸಬೇಕಾಗಿತ್ತು.

ಈ ಷರತ್ತುಗಳನ್ನು ಐರೋಪ್ಯ ಸಮುದಾಯ ಮತ್ತು ಅಮೆರಿಕ ದೇಶವು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರಶ್ನಿಸಿದವು. 2001ರ ಡಿಸೆಂಬರ್‌ನಲ್ಲಿ ವಿವಾದ ಸಮಿತಿಯು ಭಾರತದ ವಿರುದ್ಧ ವರದಿ ನೀಡಿತು. 2002ರ ವಾಹನ ನೀತಿಯು ಶೇ. 100ರಷ್ಟು ವಿದೇಶಿ ಬಂಡವಾಳಕ್ಕೆ ಸ್ವಯಂಚಾಲಿತ ಮಾರ್ಗವನ್ನು ತೆರೆಯಿತು. ಅದೇ ವರ್ಷ ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಸ್ಥಾಪನೆಯಾಗಿ, ನಂತರ ಗೇರ್‌ಬಾಕ್ಸ್‌ಗಳನ್ನು ತಯಾರಿಸಿ ರಫ್ತು ಮಾಡತೊಡಗಿತು. ಷರತ್ತು ರದ್ದಾದರೂ ಬಿಡಿಭಾಗಗಳ ಸ್ಥಳೀಯ ತಯಾರಿಕೆ ನಿಲ್ಲಲಿಲ್ಲ.

ಸ್ಥಳೀಯ ಖರೀದಿಯ ಷರತ್ತು ಆರಂಭದಲ್ಲಿ ಕಂಪನಿಯ ವೆಚ್ಚವನ್ನು ಹೆಚ್ಚಿಸುತ್ತದೆ. ಗುಣಮಟ್ಟ ಹಾಗೂ ಬೆಲೆಯಲ್ಲಿ ಸ್ಥಳೀಯ ಪೂರೈಕೆದಾರರು ಸಮರ್ಥರಾದಲ್ಲಿ ಷರತ್ತಿನ ಅಗತ್ಯವಿಲ್ಲದೆಯೇ ಖರೀದಿ ಮುಂದುವರಿಯುತ್ತದೆ. ಬಹುರಾಷ್ಟ್ರೀಯ ಕಂಪನಿಗೆ ಬಿಡಿಭಾಗ ಪೂರೈಸಲು ಬಯಸುವ ಸಣ್ಣ ಘಟಕಗಳು ತಮ್ಮ ಸಾಲದ ಲೆಕ್ಕವನ್ನು ಸರ್ಕಾರದ ಷರತ್ತೊಂದನ್ನೇ ನಂಬಿ ಹಾಕಬಾರದು.

7. ಮೀಸಲು ಪಟ್ಟಿ: ಎಂಟಿಆರ್ ಫುಡ್ಸ್

ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಮೈಯ ಸಹೋದರರಿಂದ ಆರಂಭವಾಯಿತು. 1970ರ ದಶಕದ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲುಗಳ ತಿಂಡಿಗಳಿಗೆ ಸರ್ಕಾರವು ದರ ನಿಗದಿಪಡಿಸಿದಾಗ, ಆ ದರದಲ್ಲಿ ಹೋಟೆಲು ನಡೆಸುವುದು ಕಷ್ಟವಾಗಿ ಅದನ್ನು ಕೆಲಕಾಲ ಮುಚ್ಚಬೇಕಾಯಿತು. ನೌಕರರಿಗೆ ಕೆಲಸ ಒದಗಿಸಲು ಮಿಶ್ರಣದ ಪುಡಿಗಳ ಮಾರಾಟವನ್ನು ಆರಂಭಿಸಲಾಯಿತು. ಈ ಸಿದ್ಧ ಆಹಾರದ ವ್ಯವಹಾರವೇ ಮುಂದೆ ಎಂಟಿಆರ್ ಫುಡ್ಸ್ ಕಂಪನಿಯಾಗಿ ಬೆಳೆಯಿತು.

2007ರಲ್ಲಿ ನಾರ್ವೆಯ ಓರ್ಕ್ಲಾ ಸಮೂಹವು ಎಂಟಿಆರ್ ಫುಡ್ಸ್ ಅನ್ನು ಸುಮಾರು 8 ಕೋಟಿ ಅಮೆರಿಕನ್ ಡಾಲರ್‌ಗೆ ಖರೀದಿಸಿತು. ಹೋಟೆಲುಗಳು ಮಾರಾಟಕ್ಕೆ ಸೇರಿರಲಿಲ್ಲ. ಅವು ಮೈಯ ಕುಟುಂಬದಲ್ಲಿಯೇ ಉಳಿದವು. ಕುಟುಂಬದ ಉದ್ದಿಮೆಯ ಒಂದು ಭಾಗವನ್ನು ಮಾತ್ರ ಪ್ರತ್ಯೇಕ ಕಂಪನಿಯಾಗಿ ರೂಪಿಸಿ ವಿದೇಶಿ ಬಂಡವಾಳಕ್ಕೆ ಒಪ್ಪಿಸಬಹುದು ಎಂಬುದಕ್ಕೆ ಇದು ನಿದರ್ಶನ.

ಆಹಾರ ಸಂಸ್ಕರಣೆಯಲ್ಲಿ ಶೇ. 100ರಷ್ಟು ವಿದೇಶಿ ಬಂಡವಾಳಕ್ಕೆ ಸ್ವಯಂಚಾಲಿತ ಮಾರ್ಗವು ಆಗಲೇ ಇತ್ತು. ಆದರೆ ಸಣ್ಣ ಕೈಗಾರಿಕೆಗಳಿಗೆ ಮೀಸಲಾದ ವಸ್ತುಗಳ ಪಟ್ಟಿಯು ಪ್ರತ್ಯೇಕವಾಗಿತ್ತು. ಮೀಸಲು ವಸ್ತುಗಳನ್ನು ತಯಾರಿಸುವ ದೊಡ್ಡ ಘಟಕವು ಪರವಾನಗಿ ಪಡೆದು ಅರ್ಧದಷ್ಟನ್ನು ರಫ್ತು ಮಾಡಬೇಕಾಗಿತ್ತು. ಸಣ್ಣ ಕೈಗಾರಿಕೆಯ ಸ್ಥಾನಮಾನ ಉಳಿಯಬೇಕಾದಲ್ಲಿ ವಿದೇಶಿ ಪಾಲು ಶೇ. 24 ಮೀರುವಂತಿರಲಿಲ್ಲ. 2009ರಲ್ಲಿ ಈ ಶೇ. 24ರ ಮಿತಿಯನ್ನು ಸ್ಥಾನಮಾನದಿಂದ ಬೇರ್ಪಡಿಸಲಾಯಿತು. 2015ರ ಏಪ್ರಿಲ್‌ನಲ್ಲಿ ಕೊನೆಯ 20 ವಸ್ತುಗಳನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಉಪ್ಪಿನಕಾಯಿ ಮತ್ತು ಚಟ್ನಿ, ಬ್ರೆಡ್, ಅಗರಬತ್ತಿ, ಸ್ಟೀಲ್ ಪಾತ್ರೆ ಇವುಗಳಲ್ಲಿ ಸೇರಿದ್ದವು.

ಬೆಂಗಳೂರಿನ ಸಣ್ಣ ಉದ್ದಿಮೆದಾರರಿಗೆ ಈ ಬದಲಾವಣೆಯು ಎರಡು ಬಗೆಯದು. ಉಪ್ಪಿನಕಾಯಿ ಅಥವಾ ಅಗರಬತ್ತಿ ತಯಾರಿಸುವ ಮನೆತನದ ಘಟಕಕ್ಕೆ ಇದ್ದ ರಕ್ಷಣೆ ಹೋಯಿತು. ದೊಡ್ಡ ಕಂಪನಿಗಳ ಸ್ಪರ್ಧೆಯನ್ನು ನೇರವಾಗಿ ಎದುರಿಸಬೇಕಾಯಿತು. ಅದೇ ಘಟಕವು ವಿದೇಶಿ ಬಂಡವಾಳ ಪಡೆದು ಬೆಳೆಯಲು ಇದ್ದ ಅಡ್ಡಿಯೂ ಹೋಯಿತು.

ಓರ್ಕ್ಲಾ ಸಮೂಹವು 2021ರಲ್ಲಿ ಕೇರಳದ ಈಸ್ಟರ್ನ್ ಕಾಂಡಿಮೆಂಟ್ಸ್ ಕಂಪನಿಯ ಬಹುಪಾಲನ್ನು ತನ್ನದಾಗಿಸಿಕೊಂಡಿತು. ಓರ್ಕ್ಲಾ ಇಂಡಿಯಾ ಹೆಸರಿನಲ್ಲಿ ಕಂಪನಿಯು 2025ರ ನವೆಂಬರ್‌ನಲ್ಲಿ ಷೇರುಪೇಟೆಯಲ್ಲಿ ನೋಂದಣಿಯಾಯಿತು. ಆಗ ಮಾರಾಟವಾದುವೆಲ್ಲ ಹಳೆಯ ಷೇರುದಾರರ ಷೇರುಗಳಾದುದರಿಂದ ಹಣವು ಮಾರಿದವರಿಗೆ ಸಂದಿತು. ಹೂಡಿದ ಬಂಡವಾಳವನ್ನು ನಿಯಮಾನುಸಾರ ಹಿಂಪಡೆಯುವ ಮಾರ್ಗವಿದೆ ಎಂಬ ಭರವಸೆಯು ವಿದೇಶಿ ಹೂಡಿಕೆದಾರರ ನಿರ್ಧಾರದಲ್ಲಿ ಮುಖ್ಯವಾದ ಅಂಶ.

8. ನಿಯಮಗಳ ಬದಲಾವಣೆ: ಚಿಲ್ಲರೆ ವ್ಯಾಪಾರ

ಒಂದೇ ಬ್ರಾಂಡಿನ ಚಿಲ್ಲರೆ ವ್ಯಾಪಾರದಲ್ಲಿ 2012ರಿಂದ ಶೇ. 100ರಷ್ಟು ವಿದೇಶಿ ಬಂಡವಾಳಕ್ಕೆ ಅವಕಾಶ ದೊರೆಯಿತು. ವಿದೇಶಿ ಪಾಲು ಶೇ. 51 ಮೀರಿದಲ್ಲಿ ಶೇ. 30ರಷ್ಟು ಸರಕನ್ನು ಭಾರತದಲ್ಲಿ ಖರೀದಿಸಬೇಕೆಂಬ ಷರತ್ತಿತ್ತು. ಸ್ವೀಡನ್ ಮೂಲದ ಐಕಿಯಾ ಕಂಪನಿಯು 2012ರಲ್ಲಿ ಅರ್ಜಿ ಸಲ್ಲಿಸಿ 2013ರಲ್ಲಿ ಅನುಮೋದನೆ ಪಡೆಯಿತು. ಅದರ ಮೊದಲ ಮಳಿಗೆ 2018ರಲ್ಲಿ ಹೈದರಾಬಾದಿನಲ್ಲಿಯೂ, ತುಮಕೂರು ರಸ್ತೆಯ ನಾಗಸಂದ್ರದ ಮಳಿಗೆ 2022ರ ಜೂನ್‌ನಲ್ಲಿಯೂ ತೆರೆದವು. ವಿದೇಶದ ಮಳಿಗೆಗಳಿಗಾಗಿ ಭಾರತದಲ್ಲಿ ಕೊಳ್ಳುವ ಸರಕನ್ನೂ ಸ್ಥಳೀಯ ಖರೀದಿಯ ಲೆಕ್ಕಕ್ಕೆ ಪೂರ್ಣವಾಗಿ ಸೇರಿಸಲು 2019ರಲ್ಲಿ ಅವಕಾಶ ನೀಡಲಾಯಿತು.

ಅನೇಕ ಬ್ರಾಂಡುಗಳ ಚಿಲ್ಲರೆ ವ್ಯಾಪಾರದಲ್ಲಿ 2012ರಿಂದ ಸರ್ಕಾರಿ ಅನುಮೋದನೆಯೊಂದಿಗೆ ಶೇ. 51ರವರೆಗೆ ಅವಕಾಶವಿದೆ. ಇದಕ್ಕೆ ರಾಜ್ಯದ ಸಮ್ಮತಿ ಬೇಕು. ಸಮ್ಮತಿ ಸೂಚಿಸಿದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಸೇರಿದೆ. ಕನಿಷ್ಠ 10 ಕೋಟಿ ಡಾಲರ್ ಹೂಡಿಕೆ, ದಾಸ್ತಾನು ಹಾಗೂ ಸಾಗಣೆ ಸೌಲಭ್ಯಗಳಲ್ಲಿ ಕಡ್ಡಾಯ ಹೂಡಿಕೆ, ಸಣ್ಣ ಕೈಗಾರಿಕೆಗಳಿಂದ ಶೇ. 30ರಷ್ಟು ಖರೀದಿ ಮೊದಲಾದ ಷರತ್ತುಗಳು ಇರುವುದರಿಂದ ಈ ಅವಕಾಶದ ಬಳಕೆ ಬಹಳ ಕಡಿಮೆ.

ಆನ್‌ಲೈನ್ ವ್ಯಾಪಾರದಲ್ಲಿ ವಿದೇಶಿ ಬಂಡವಾಳವಿರುವ ಕಂಪನಿಯು ಮಾರುವವರಿಗೂ ಕೊಳ್ಳುವವರಿಗೂ ವೇದಿಕೆ ಒದಗಿಸಬಹುದೇ ಹೊರತು ತಾನೇ ದಾಸ್ತಾನು ಇಟ್ಟು ಮಾರುವಂತಿಲ್ಲ. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಕಂಪನಿಯು ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಸುಮಾರು ಶೇ. 77ರಷ್ಟು ಪಾಲನ್ನು ಸುಮಾರು 1,600 ಕೋಟಿ ಡಾಲರ್‌ಗೆ ಖರೀದಿಸಿತು. ಅದೇ ವರ್ಷದ ಡಿಸೆಂಬರ್ 26ರಂದು ಪ್ರಕಟವಾದ ಪ್ರೆಸ್ ನೋಟ್ 2, 2019ರ ಫೆಬ್ರುವರಿ 1ರಿಂದ ಜಾರಿಗೆ ಬಂದಿತು. ವೇದಿಕೆ ನಡೆಸುವ ಸಮೂಹವು ಪಾಲು ಹೊಂದಿರುವ ಮಾರಾಟಗಾರ ಸಂಸ್ಥೆಯು ಆ ವೇದಿಕೆಯಲ್ಲಿ ಮಾರುವುದನ್ನು ಇದು ನಿಷೇಧಿಸಿತು. ಅಮೆಜಾನ್ ಕಂಪನಿಯು ಆಗ ಮಲ್ಲೇಶ್ವರದ ಪಶ್ಚಿಮಕ್ಕಿರುವ ಡಾ. ರಾಜ್‌ಕುಮಾರ್ ರಸ್ತೆಯಿಂದ ಕಾರ್ಯನಿರ್ವಹಿಸುತ್ತಿತ್ತು. ಅದರ ವೇದಿಕೆಯ ಪ್ರಮುಖ ಮಾರಾಟಗಾರ ಸಂಸ್ಥೆಯಾದ ಕ್ಲೌಡ್‌ಟೇಲ್‌ನ ಮಾತೃ ಸಂಸ್ಥೆಯಲ್ಲಿ ಅಮೆಜಾನ್‌ನ ಪಾಲು ಶೇ. 49ರಿಂದ ಶೇ. 24ಕ್ಕೆ ಇಳಿಯಿತು. 2022ರಲ್ಲಿ ಕ್ಲೌಡ್‌ಟೇಲ್ ವ್ಯವಹಾರವನ್ನು ನಿಲ್ಲಿಸಿತು.

ಸಣ್ಣ ವ್ಯಾಪಾರಿಗಳ ಹಿತರಕ್ಷಣೆ ಈ ನಿಯಮದ ಉದ್ದೇಶ. ಆದರೆ ಹೂಡಿಕೆಯ ನಂತರ, ಅಲ್ಪಾವಧಿಯ ಸೂಚನೆಯಲ್ಲಿ ನಿಯಮ ಬದಲಾದಾಗ ಕಂಪನಿಯು ತನ್ನ ರಚನೆಯನ್ನೇ ಬದಲಿಸಬೇಕಾಗುತ್ತದೆ. ಅಂತಹ ಕಂಪನಿಯನ್ನು ನಂಬಿ ಸರಕು ತುಂಬಿಸಿಕೊಂಡ ಪೂರೈಕೆದಾರರ ಮೇಲೂ ಅದರ ಭಾರ ಬೀಳಬಹುದು.

9. ನಿದರ್ಶನಗಳಿಂದ ತಿಳಿಯುವ ಅಂಶಗಳು

ಅ) ಒಡೆತನದ ಮಿತಿಯು ಲಾಭಾಂಶವನ್ನೂ ತಂತ್ರಜ್ಞಾನದ ವರ್ಗಾವಣೆಯನ್ನೂ ನಿರ್ಧರಿಸುತ್ತದೆ.

ಆ) ರಫ್ತು ಹಾಗೂ ಸ್ಥಳೀಯ ಖರೀದಿಯ ಷರತ್ತುಗಳು ಉತ್ಪಾದನಾ ವೆಚ್ಚದ ಮೇಲೆ ಪರಿಣಾಮ ಬೀರುತ್ತವೆ.

ಇ) ಬಂಡವಾಳ ನೀತಿಯಲ್ಲಿ ಅವಕಾಶವಿದ್ದರೂ ಬೇರೊಂದು ಕಾನೂನಿನ ಮಿತಿ ಅಡ್ಡ ಬರಬಹುದು. ಮೀಸಲು ಪಟ್ಟಿಯು ಇದಕ್ಕೆ ನಿದರ್ಶನ.

ಈ) ವಿದ್ಯುತ್, ಸಂಪರ್ಕ ಮತ್ತು ನುರಿತ ಕೆಲಸಗಾರರ ಲಭ್ಯತೆಯು ರಿಯಾಯಿತಿಗಳಿಗಿಂತ ದೀರ್ಘಕಾಲದ ಪ್ರಯೋಜನ ನೀಡುತ್ತದೆ.

ಉ) ವಿಳಂಬಕ್ಕೂ ಬೆಲೆಯಿದೆ. ಉದಾಹರಣೆಗೆ, ಒಂದು ಘಟಕವು 20 ಕೋಟಿ ರೂಪಾಯಿಯ ಯಂತ್ರೋಪಕರಣಗಳನ್ನು ವಾರ್ಷಿಕ ಶೇ. 10ರ ಬಡ್ಡಿಯ ಸಾಲದಿಂದ ಖರೀದಿಸಿದೆ ಎಂದು ಭಾವಿಸೋಣ. ಅನುಮೋದನೆ ಒಂದು ವರ್ಷ ತಡವಾದಲ್ಲಿ, ಒಂದು ರೂಪಾಯಿಯ ಮಾರಾಟವೂ ಆಗುವ ಮುನ್ನ 2 ಕೋಟಿ ರೂಪಾಯಿ ಬಡ್ಡಿಯ ಹೊರೆ ಬೀಳುತ್ತದೆ.

10. ವಿದೇಶಿ ಬಂಡವಾಳ ಪಡೆಯುವವರು ಅನುಸರಿಸಬೇಕಾದ ಕ್ರಮ

(1) ಸಂಸ್ಥೆಯ ಸ್ವರೂಪವನ್ನು ಪರಿಶೀಲಿಸುವುದು. ವಿದೇಶಿ ಕಂಪನಿಯು ಪಾಲುದಾರಿಕೆ ಸಂಸ್ಥೆ ಅಥವಾ ಏಕವ್ಯಕ್ತಿ ಒಡೆತನದ ಅಂಗಡಿಯಲ್ಲಿ ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಬಂಡವಾಳ ಹೂಡುವಂತಿಲ್ಲ. ಖಾಸಗಿ ಕಂಪನಿಯಾಗಿ ಪರಿವರ್ತಿಸಿಕೊಳ್ಳುವುದು ಅವಶ್ಯಕವಾಗಬಹುದು. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಾದಲ್ಲಿ, ಶೇ. 100ರಷ್ಟು ಸ್ವಯಂಚಾಲಿತ ಮಾರ್ಗವಿದ್ದು ವಿಶೇಷ ಷರತ್ತುಗಳಿಲ್ಲದ ಕ್ಷೇತ್ರದಲ್ಲಿ ಅವಕಾಶವಿದೆ.

(2) ಕ್ಷೇತ್ರದ ಮಿತಿ ಮತ್ತು ಷರತ್ತುಗಳನ್ನು ಓದುವುದು. ಲಾಟರಿ, ಜೂಜು, ನಿಧಿ ಕಂಪನಿ, ರಿಯಲ್ ಎಸ್ಟೇಟ್ ವ್ಯವಹಾರ, ತಂಬಾಕು ಉತ್ಪನ್ನಗಳ ತಯಾರಿಕೆ ಮೊದಲಾದವು ನಿಷೇಧಿತ ಕ್ಷೇತ್ರಗಳು. ಭಾರತದೊಂದಿಗೆ ಭೂಗಡಿ ಹಂಚಿಕೊಂಡಿರುವ ದೇಶಗಳ ಹೂಡಿಕೆಗೆ 2020ರ ಪ್ರೆಸ್ ನೋಟ್ 3 ಪ್ರತ್ಯೇಕ ನಿಯಮಗಳನ್ನು ವಿಧಿಸಿದೆ; ಅದರ ತಿದ್ದುಪಡಿಗಳನ್ನೂ ನೋಡಿಕೊಳ್ಳಬೇಕು.

(3) ಷೇರಿನ ಮೌಲ್ಯಮಾಪನ ಮಾಡಿಸುವುದು. ಷೇರುಪೇಟೆಯಲ್ಲಿ ನೋಂದಣಿಯಾಗದ ಕಂಪನಿಯ ಷೇರುಗಳನ್ನು ಲೆಕ್ಕಪರಿಶೋಧಕರೇ ಮೊದಲಾದ ಅರ್ಹರು ಪ್ರಮಾಣೀಕರಿಸಿದ ನ್ಯಾಯಯುತ ಮೌಲ್ಯಕ್ಕಿಂತ ಕಡಿಮೆ ಬೆಲೆಗೆ ವಿದೇಶಿಯರಿಗೆ ನೀಡುವಂತಿಲ್ಲ.

(4) ಹಣವನ್ನು ಬ್ಯಾಂಕಿನ ಮೂಲಕವೇ ಪಡೆದು, ವಿದೇಶಿ ಹಣ ಸ್ವೀಕೃತಿಯ ಪ್ರಮಾಣಪತ್ರವನ್ನು ಕಾಯ್ದಿರಿಸುವುದು.

(5) ಹಣ ಬಂದ 60 ದಿನಗಳೊಳಗೆ ಷೇರು ಹಂಚಿಕೆ ಮಾಡುವುದು. ಆಗದಿದ್ದಲ್ಲಿ ನಂತರದ 15 ದಿನಗಳೊಳಗೆ ಹಣ ಹಿಂದಿರುಗಿಸುವುದು.

(6) ಹಂಚಿಕೆಯಾದ 30 ದಿನಗಳೊಳಗೆ ಎಫ್‌ಸಿ-ಜಿಪಿಆರ್ ನಮೂನೆಯನ್ನು ರಿಸರ್ವ್ ಬ್ಯಾಂಕಿನ ಆನ್‌ಲೈನ್ ಪೋರ್ಟಲ್ ಮೂಲಕ ಸಲ್ಲಿಸುವುದು. ಹಳೆಯ ಷೇರುಗಳ ವರ್ಗಾವಣೆಯಾದಲ್ಲಿ 60 ದಿನಗಳೊಳಗೆ ಎಫ್‌ಸಿ-ಟಿಆರ್‌ಎಸ್ ನಮೂನೆ.

(7) ಪ್ರತಿ ವರ್ಷ ಜುಲೈ 15ರೊಳಗೆ ವಿದೇಶಿ ಆಸ್ತಿ ಮತ್ತು ಹೊಣೆಗಳ ವಾರ್ಷಿಕ ವಿವರಪಟ್ಟಿಯನ್ನು ಸಲ್ಲಿಸುವುದು.

ತಡವಾದ ವರದಿಗೆ ವಿಳಂಬ ಶುಲ್ಕವಿದೆ. ನಿಯಮೋಲ್ಲಂಘನೆಗೆ ಫೆಮಾ ಕಾಯ್ದೆಯಡಿ ಸಂಬಂಧಪಟ್ಟ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು. ಒಂದು ಮನೆತನದ ಹಲವು ವರ್ಷಗಳ ಉಳಿತಾಯವು ಒಂದು ನಮೂನೆ ಸಲ್ಲಿಸದ ಕಾರಣಕ್ಕೆ ಅಪಾಯಕ್ಕೆ ಸಿಲುಕಬಾರದು.

11. ರಾಜ್ಯ ಮಟ್ಟದ ಅನುಮೋದನೆ

ಕರ್ನಾಟಕ ಕೈಗಾರಿಕೆಗಳ (ಸೌಲಭ್ಯ) ಅಧಿನಿಯಮ, 2002ರ ಅಡಿ ಏಕಗವಾಕ್ಷಿ ವ್ಯವಸ್ಥೆಯಿದೆ. 15 ಕೋಟಿ ರೂಪಾಯಿವರೆಗಿನ ಯೋಜನೆಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಯೂ, 15 ಕೋಟಿಯಿಂದ 500 ಕೋಟಿವರೆಗಿನವನ್ನು ಕೈಗಾರಿಕಾ ಸಚಿವರ ಅಧ್ಯಕ್ಷತೆಯ ರಾಜ್ಯ ಮಟ್ಟದ ಸಮಿತಿಯೂ, ಅದಕ್ಕೂ ಹೆಚ್ಚಿನವನ್ನು ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿಯೂ ಪರಿಶೀಲಿಸುತ್ತವೆ. ಸಣ್ಣ ಉದ್ದಿಮೆದಾರರು ಜಿಲ್ಲಾ ಕೈಗಾರಿಕಾ ಕೇಂದ್ರವನ್ನು, ದೊಡ್ಡ ಯೋಜನೆಯವರು ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿರುವ ಕರ್ನಾಟಕ ಉದ್ಯೋಗ ಮಿತ್ರವನ್ನು ಸಂಪರ್ಕಿಸಬಹುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಮೆರಿಕದಲ್ಲಿ ನೆಲೆಸಿರುವ, ಭಾರತೀಯ ಪೌರತ್ವ ಹೊಂದಿರುವ ನನ್ನ ಮಗಳು ಚಾಮರಾಜಪೇಟೆಯ ನಮ್ಮ ಪಾಲುದಾರಿಕೆ ಸಂಸ್ಥೆಯಲ್ಲಿ ಹಣ ಹೂಡಬಹುದೇ?
ಉತ್ತರ: ಹೂಡಬಹುದು. ಅನಿವಾಸಿ ಭಾರತೀಯರು ಹಣವನ್ನು ವಿದೇಶಕ್ಕೆ ಹಿಂದಕ್ಕೆ ಒಯ್ಯದ ಆಧಾರದ ಮೇಲೆ ಮಾಡಿದ ಹೂಡಿಕೆಯನ್ನು ದೇಶೀಯ ಹೂಡಿಕೆಯೆಂದು ಪರಿಗಣಿಸಲಾಗುತ್ತದೆ. ಕೃಷಿ ಮತ್ತು ತೋಟಗಾರಿಕೆ, ಮುದ್ರಣ ಮಾಧ್ಯಮ ಹಾಗೂ ರಿಯಲ್ ಎಸ್ಟೇಟ್ ವ್ಯವಹಾರದ ಸಂಸ್ಥೆಗಳಿಗೆ ಇದು ಅನ್ವಯಿಸುವುದಿಲ್ಲ. ಮುಂದೆ ಬಂಡವಾಳವನ್ನು ವಿದೇಶಕ್ಕೆ ಒಯ್ಯುವ ಉದ್ದೇಶವಿದ್ದಲ್ಲಿ ಹೂಡುವ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಬೇಕು.

ಪ್ರಶ್ನೆ: ಬಸವನಗುಡಿಯಲ್ಲಿರುವ ನಮ್ಮ ಕಟ್ಟಡವನ್ನು ಬಹುರಾಷ್ಟ್ರೀಯ ಕಂಪನಿಗೆ ಬಾಡಿಗೆಗೆ ಕೊಡಲು ವಿದೇಶಿ ಬಂಡವಾಳದ ಅನುಮತಿ ಬೇಕೇ?
ಉತ್ತರ: ಬೇಕಿಲ್ಲ. ಬಾಡಿಗೆಯು ಬಂಡವಾಳ ಹೂಡಿಕೆಯಲ್ಲ. ಕರಾರುಪತ್ರದ ನೋಂದಣಿ, ಕಟ್ಟಡದ ಅನುಮತಿಸಿದ ಬಳಕೆ ಮತ್ತು ವ್ಯಾಪಾರ ಪರವಾನಗಿಯ ನಿಯಮಗಳು ಅನ್ವಯಿಸುತ್ತವೆ. 2025ರ ಸೆಪ್ಟೆಂಬರ್‌ನಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಐದು ನಗರ ಪಾಲಿಕೆಗಳು ರಚನೆಯಾಗಿರುವುದರಿಂದ, ತಮ್ಮ ಬಡಾವಣೆಯು ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಪ್ರಶ್ನೆ: ವಿದೇಶಿ ಪಾಲು ಬಂದರೆ ನಮ್ಮ ಉದ್ಯಮ್ ನೋಂದಣಿ ರದ್ದಾಗುವುದೇ?
ಉತ್ತರ: ಕೇವಲ ಆ ಕಾರಣಕ್ಕೆ ರದ್ದಾಗುವುದಿಲ್ಲ. ಈಗಿನ ವರ್ಗೀಕರಣವು ಯಂತ್ರೋಪಕರಣಗಳ ಮೇಲಿನ ಹೂಡಿಕೆ ಮತ್ತು ವಾರ್ಷಿಕ ವಹಿವಾಟನ್ನು ಆಧರಿಸಿದೆ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ದಿಮೆಯ ಮಿತಿ 25 ಕೋಟಿ ರೂಪಾಯಿ ಹೂಡಿಕೆ ಮತ್ತು 100 ಕೋಟಿ ರೂಪಾಯಿ ವಹಿವಾಟು.

ಪ್ರಶ್ನೆ: ಉದ್ಯಮ್ ನೋಂದಣಿಗೆ ಶುಲ್ಕವೆಷ್ಟು?
ಉತ್ತರ: ಶುಲ್ಕವಿಲ್ಲ. ಸರ್ಕಾರದ ಶುಲ್ಕವೆಂದು ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಕಾಯ್ದೆ, ನಿಯಮ ಮತ್ತು ಪ್ರೆಸ್ ನೋಟ್‌ಗಳ ಮೂಲ ಪಾಠವೇ ಅಂತಿಮ. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಆದೇಶವನ್ನು ಪರಿಶೀಲಿಸಿ, ಅದರ ಪ್ರತಿಯನ್ನು ಕಡತದಲ್ಲಿ ಇರಿಸಿಕೊಳ್ಳುವಂತೆ ಅರ್ಜಿದಾರರನ್ನು ಕೋರಲಾಗಿದೆ.